ಗಣಿತವಿದುಷಿ ಅಡಾ ಲವ್‌ಲೇಸ್

ಲಂಡನ್ ಪಟ್ಟಣದಲ್ಲಿ 1815ನೆಯ ಇಸವಿ ಡಿಸೆಂಬರ್ 10ರಂದು ಆಂಗ್ಲಕವಿ ಲಾರ್ಡ್ ಬೈರನ್ನನಿಗೆ ಜನಿಸಿದ ಅಡಾ ಎಂಬ ಹೆಣ್ಣುಮಗುವು ತಂದೆಯ ಮುಖವನ್ನು ಅರಿಯದೆಯೇ ಬೆಳೆಯಿತು. ಐದು ವಾರಗಳ ಕೂಸನ್ನೆತ್ತಿಕೊಂಡು ತಾಯಿಯು ಪತಿಗೃಹವನ್ನು ಬಿಟ್ಟಳು. ಕವಿಯು 1816ರಲ್ಲಿ ದೇಶವನ್ನು ತೊರೆದು, 1824ರಲ್ಲಿ ಗ್ರೀಸಿನಲ್ಲಿ ಮಡಿದನು. ತಂದೆಯ ಉದ್ವೇಗಗಳು ಮಗಳಲ್ಲಿ ತಲೆದೋರಬಾರದೆಂದು ತಾಯಿಯು ಆಕೆಗೆ ಬಾಲ್ಯದಿಂದಲೇ ಗಣಿತವನ್ನು ಕಲಿಸುವ ಏರ್ಪಾಡು ಮಾಡಿದಳು. ಔಷಧವೆಂದು ಕೊಟ್ಟ ವಿದ್ಯೆಯೇ ಮಗಳಿಗೆ ಆಹಾರವಾಯಿತು.

ಹದಿನೇಳು ವರ್ಷದವಳಾಗಿದ್ದಾಗ, 1833ರಲ್ಲಿ, ಚಾರ್ಲ್ಸ್ ಬ್ಯಾಬೇಜರ ಪರಿಚಯವಾಗಿ, ಚಕ್ರಗಳಿಂದ ತಾನಾಗಿ ಲೆಕ್ಕಮಾಡುವ ಅವರ ಯಂತ್ರದ ಒಂದು ಭಾಗವನ್ನು ಕಂಡು ಬೆರಗಾದಳು. 1835ರಲ್ಲಿ ವಿವಾಹವಾಗಿ, ಮೂವರು ಮಕ್ಕಳ ತಾಯಿಯಾದ ಮೇಲೂ ವ್ಯಾಸಂಗವನ್ನು ಬಿಡಲಿಲ್ಲ. ಗುರುಗಳಾದ ಡಿ ಮಾರ್ಗನ್ನರು ಆಕೆಯ ಬುದ್ಧಿಯನ್ನು ಬಹುವಾಗಿ ಮೆಚ್ಚಿದರೂ, ಇಂತಹ ಶ್ರಮವನ್ನು ಸ್ತ್ರೀಶರೀರವು ತಾಳಲಾರದೇನೋ ಎಂದು ತಾಯಿಗೆ ಬರೆದರು. ಈ ಶಂಕೆಯು ನಮ್ಮ ಮನೆಗಳಿಗೂ ಹೊಸದಲ್ಲ!

ಬ್ಯಾಬೇಜರು ಕಲ್ಪಿಸಿದ್ದ ಮತ್ತೊಂದು ಮಹಾಯಂತ್ರವು, ಚಿತ್ರವಸ್ತ್ರದ ಮಗ್ಗದಂತೆ, ತೂತುಮಾಡಿದ ರಟ್ಟುಗಳ ಮೂಲಕ ಆಜ್ಞೆಗಳನ್ನು ಸ್ವೀಕರಿಸತಕ್ಕದ್ದಾಗಿತ್ತು. ಅದನ್ನು ಕುರಿತು ಇಟಲಿಯ ಮೆನಾಬ್ರಿಯಾ ಎಂಬಾತನು ಫ್ರೆಂಚಿನಲ್ಲಿ ಬರೆದ ಪ್ರಬಂಧವನ್ನು ಅಡಾ ಇಂಗ್ಲಿಷಿಗೆ ಪರಿವರ್ತಿಸಿ, ಮೂಲಕ್ಕಿಂತ ಬಹು ದೀರ್ಘವಾದ ಏಳು ಟಿಪ್ಪಣಿಗಳೊಡನೆ 1843ರಲ್ಲಿ ಪ್ರಕಟಿಸಿದಳು. ಲೇಖಕಿಯ ಗುರುತಾಗಿ ಅಚ್ಚಾದುದು ಮೂರು ಅಕ್ಷರಗಳು ಮಾತ್ರ. ಕಡೆಯ ಟಿಪ್ಪಣಿಯಲ್ಲಿ, ಬರ್ನೂಲಿ ಸಂಖ್ಯೆಗಳನ್ನು ಯಂತ್ರವು ಕಂಡುಹಿಡಿಯಬೇಕಾದ ಗಣನಕ್ರಮವನ್ನು, ಅಂದರೆ ಇಂದು ಅಲ್ಗಾರಿದಮ್ ಎನ್ನುವುದನ್ನು, 25 ಕ್ರಿಯೆಗಳ ಕೋಷ್ಟಕವಾಗಿ ನಿರೂಪಿಸಿದಳು. ಪ್ರತಿಯೊಂದು ಸಂಖ್ಯೆಯೂ ಹಿಂದಿನವುಗಳಿಂದಲೇ ದೊರೆಯಬೇಕಾದುದರಿಂದ, 13ರಿಂದ 23ರವರೆಗಿನ ಕ್ರಿಯೆಗಳು ಮರಳಿ ಮರಳಿ ನಡೆಯುತ್ತವೆ. ಇನ್ನೊಂದು ಟಿಪ್ಪಣಿಯಲ್ಲಿ, ಒಂದೇ ಲೆಕ್ಕಕ್ಕೆ ಅನೇಕ ಕ್ರಮಗಳಿದ್ದರೂ ಅತ್ಯಲ್ಪ ಕಾಲದಲ್ಲಿ ಮುಗಿಯುವುದನ್ನೇ ಆರಿಸಬೇಕೆಂದು ತಿಳಿಸಿದಳು. ನಮ್ಮ ಎಣಿಕೆಯಲ್ಲಿ ಆಕೆಯ ಹಿರಿಮೆಯು ಕೋಷ್ಟಕಕ್ಕಿಂತಲೂ ಈ ವಿವೇಚನೆಯಲ್ಲಿಯೇ ಇದೆ. ಕಂಪ್ಯೂಟರ್ ಶಾಸ್ತ್ರಜ್ಞರು ಇಂದಿಗೂ ಪ್ರತಿಯೊಂದು ಗಣನಕ್ರಮವನ್ನೂ ಇದೇ ಒರೆಗಲ್ಲಿಗೆ ಹಚ್ಚುತ್ತಾರೆ.

ಇದರಲ್ಲಿ ಬ್ಯಾಬೇಜರ ಪಾಲೆಷ್ಟೆಂದು ಪಂಡಿತರು ವಾದಿಸುವುದುಂಟು. ಬರ್ನೂಲಿ ಸಂಖ್ಯೆಗಳ ಬೀಜಗಣಿತವನ್ನು ಬಿಡಿಸಿಕೊಟ್ಟವರು ಅವರೇ. ಅದರಲ್ಲಿದ್ದ ಘೋರವಾದ ತಪ್ಪನ್ನು ಹಿಡಿದು ಹಿಂದಿರುಗಿಸಿದವಳು ಅಡಾ. ಹೀಗೆಂದು ಬ್ಯಾಬೇಜರೇ ತಮ್ಮ ಆತ್ಮವೃತ್ತಾಂತದಲ್ಲಿ ಒಪ್ಪಿರುವರು. ಆದರೂ ಅಚ್ಚಾದ ಕೋಷ್ಟಕದ 4ನೆಯ ಕ್ರಿಯೆಯಲ್ಲಿ ಭಾಜ್ಯಭಾಜಕಗಳು ಅದಲುಬದಲಾಗಿವೆ. ಯಂತ್ರವು ಪೂರ್ಣವಾಗಿ ನಿರ್ಮಾಣವಾಗಲೇ ಇಲ್ಲ. ಆದಕಾರಣ ನಡೆಸಿ ನೋಡಿ ತಿದ್ದುವ ಅವಕಾಶವು ಆಕೆಗೆ ದೊರೆಯಲಿಲ್ಲ.

ಕಡೆಯ ವರ್ಷಗಳು ಕುದುರೆಪಂದ್ಯದ ಸಾಲದಲ್ಲಿಯೂ ಅರ್ಬುದರೋಗದ ಯಾತನೆಯಲ್ಲಿಯೂ ಕಳೆದವು. 1852ರ ನವೆಂಬರ್ 27ರಂದು, ತಂದೆ ತೀರಿಕೊಂಡ ಮೂವತ್ತಾರನೆಯ ವಯಸ್ಸಿನಲ್ಲಿಯೇ, ಅಡಾ ಕಾಲವಾದಳು. ಆಕೆಯ ಇಚ್ಛೆಯಂತೆ ಹಕ್‌ನಾಲ್ ಗ್ರಾಮದ ದೇವಾಲಯದಲ್ಲಿ ತಂದೆಯ ಮಗ್ಗುಲಲ್ಲಿಯೇ ಸಮಾಧಿ ಮಾಡಿದರು.