ಮಹಾತ್ಮ ಗಾಂಧಿ ಮತ್ತು ವಿಶ್ವ ಒಕ್ಕೂಟದ ಕಲ್ಪನೆ

ರಾಷ್ಟ್ರಗಳ ಮೇಲೊಂದು ಆಳ್ವಿಕೆ ಸಾಧ್ಯವೇ, ಸಾಧ್ಯವಾದರೂ ಅಪೇಕ್ಷಣೀಯವೇ ಎಂಬುದು ಅಂತಾರಾಷ್ಟ್ರೀಯ ಸಂಬಂಧಗಳ ಸಿದ್ಧಾಂತದ ಹಳೆಯ ಪ್ರಶ್ನೆ. ಏಕೈಕ ವಿಶ್ವಪ್ರಭುತ್ವವು ನಿರಂಕುಶವಾದೀತೆಂದು ಶಂಕಿಸಿದ ಜರ್ಮನ್ ದಾರ್ಶನಿಕ ಕಾಂಟ್, 1795ರಲ್ಲಿ ಸ್ವತಂತ್ರ ರಾಜ್ಯಗಳ ಒಕ್ಕೂಟವನ್ನು ಪ್ರತಿಪಾದಿಸಿದನು. ಅದೇ ಪ್ರಶ್ನೆಯನ್ನು ಪರಾಧೀನ ದೇಶವೊಂದರ ನೆಲೆಯಿಂದ ಎದುರಿಸಿದವರಲ್ಲಿ ಗಾಂಧೀಜಿಯವರು ಪ್ರಮುಖರು. ಅವರ ಈ ಚಿಂತನೆಯ ಹಾದಿಯಲ್ಲಿ ಪುಣೆಯ ಎರಡು ಸೆರೆವಾಸಗಳೂ ಕನ್ನಡನಾಡಿನ ಒಂದು ಅಧಿವೇಶನವೂ ಸೇರಿವೆ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ಕಾನೂನು ಕಲಿತರು. ದಕ್ಷಿಣ ಆಫ್ರಿಕದಲ್ಲಿ ಸತ್ಯಾಗ್ರಹದ ಮಾರ್ಗವನ್ನು ಕಂಡುಕೊಂಡರು. 1922ರಲ್ಲಿ ರಾಜದ್ರೋಹದ ಆಪಾದನೆಗೆ ಆರು ವರ್ಷಗಳ ಶಿಕ್ಷೆ ಹೊಂದಿ ಪುಣೆಯ ಯೆರವಡಾ ಸೆರೆಮನೆ ಸೇರಿದರು. 1924ರ ಜನವರಿಯಲ್ಲಿ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೊಳಗಾಗಿ, ಮರುತಿಂಗಳು ಬಿಡುಗಡೆಯಾದರು. ಆ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದುದು ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ. ಸ್ವರಾಜ್ಯವನ್ನು ಬೇಡುವ ಆ ವೇದಿಕೆಯಲ್ಲಿಯೇ ಅವರು, ರಾಷ್ಟ್ರಗಳು ಒಂಟಿಯಾಗಿ ನಿಂತು ಸೆಣಸುವುದಕ್ಕಿಂತ ಪರಸ್ಪರ ಅವಲಂಬಿಸಿ ಸ್ನೇಹದಿಂದ ಕೂಡಿಕೊಳ್ಳುವುದು ಮೇಲೆಂದು ಪ್ರತಿಪಾದಿಸಿದರು.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಅಂಗೀಕೃತವಾದ ಕ್ವಿಟ್ ಇಂಡಿಯಾ ನಿರ್ಣಯದಲ್ಲಿ ಈ ಆಶಯ ವಿಸ್ತೃತ ರೂಪ ಪಡೆಯಿತು. ಸ್ವತಂತ್ರ ರಾಷ್ಟ್ರಗಳ ವಿಶ್ವ ಒಕ್ಕೂಟ, ನಿಶ್ಶಸ್ತ್ರೀಕರಣ, ಒಕ್ಕೂಟದ್ದೇ ಆದ ರಕ್ಷಣಾಪಡೆ ಇವೆಲ್ಲ ಅದರಲ್ಲಿ ಅಡಕವಾಗಿದ್ದವು. ಮರುದಿನ ಮುಂಜಾವದಲ್ಲಿಯೇ ಗಾಂಧೀಜಿಯವರನ್ನು ಬಂಧಿಸಿ ಪುಣೆಯ ಆಗಾಖಾನ್ ಅರಮನೆಯಲ್ಲಿರಿಸಲಾಯಿತು. ವಾರದೊಳಗೆ ಮಹಾದೇವ ದೇಸಾಯಿಯವರೂ 1944ರ ಫೆಬ್ರವರಿ 22ರಂದು ಕಸ್ತೂರಬಾ ಅವರೂ ಅಲ್ಲಿಯೇ ಕೊನೆಯುಸಿರೆಳೆದರು. ಮೇ 6ರಂದು ಗಾಂಧೀಜಿಯವರ ಬಿಡುಗಡೆಯಾಯಿತು.

ಈ ನಷ್ಟಗಳು ಅವರ ದೃಷ್ಟಿಯನ್ನು ಕಿರಿದುಗೊಳಿಸಲಿಲ್ಲ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಮುನ್ನ, ಜರ್ಮನಿ ಹಾಗೂ ಜಪಾನುಗಳನ್ನು ಅವಮಾನಿಸಬಾರದೆಂದು ಎಚ್ಚರಿಸಿದರು. ಸರ್ಕಾರ ನೇಮಿಸಿದ ಪ್ರತಿನಿಧಿಗಳಿಗಿಂತ ಭಾರತಕ್ಕೆ ಪ್ರಾತಿನಿಧ್ಯವೇ ಇಲ್ಲದಿರುವುದು ಲೇಸೆಂದರು. ಆದರೂ ಪರಾಧೀನ ಭಾರತವು ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯನಾಯಿತು. ಈ ವೈರುಧ್ಯವೇ ಅವರ ವಾದಕ್ಕೆ ಸಾಕ್ಷಿ: ಅಧೀನರನ್ನು ಉಳಿಸಿಕೊಂಡ ಒಕ್ಕೂಟ ಸಾಮ್ರಾಜ್ಯದ ಇನ್ನೊಂದು ಮುಖವಷ್ಟೇ.

1946ರಲ್ಲಿ ಅವರು ವ್ಯಕ್ತಿಯಿಂದ ಗ್ರಾಮಕ್ಕೆ, ಗ್ರಾಮದಿಂದ ಲೋಕಕ್ಕೆ ಹರಡುವ ಸಾಗರದ ವೃತ್ತಗಳಂತಹ ಸಮಾಜವನ್ನು ಕಲ್ಪಿಸಿದರು. ಅಲ್ಲಿ ಹೊರವೃತ್ತವು ಒಳವೃತ್ತವನ್ನು ತುಳಿಯದೆ, ಅದರಿಂದಲೇ ಬಲ ಪಡೆಯುತ್ತದೆ. ವಿಶ್ವಸರ್ಕಾರಕ್ಕೊಂದು ಸಂವಿಧಾನವನ್ನು ಅವರು ರಚಿಸಲಿಲ್ಲ. 1948ರ ಜನವರಿ 30ರಂದು ಹತರಾದರು. ಆದರೆ ಅಂತಹ ಯಾವುದೇ ಸಂವಿಧಾನವನ್ನು ಪರೀಕ್ಷಿಸುವ ಒರೆಗಲ್ಲನ್ನು ಬಿಟ್ಟುಹೋದರು: ಅದು ಅತ್ಯಂತ ಒಳಗಿನ ವೃತ್ತದಲ್ಲಿರುವವನನ್ನು ಸ್ವತಂತ್ರನನ್ನಾಗಿ ಉಳಿಸುವುದೇ ಎಂಬುದು.