ಕೆ.ಪಿ. ರಾಯರ ಕೀಲಿಮಣೆ

ಮಕ್ಕಳೇ, ಊರಿನಲ್ಲಿರುವ ಅಜ್ಜಿಗೆ ವಾಟ್ಸಾಪ್ ಕಳಿಸುವಾಗ ನಿಮ್ಮಲ್ಲಿ ಹೆಚ್ಚಿನವರು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೀರಿ. ಕೇಳಿದರೆ, ಕನ್ನಡ ಟೈಪಿಂಗ್ ಕಷ್ಟ ಎನ್ನುತ್ತೀರಿ. ಆ ಕಷ್ಟವನ್ನು ನೀವು ಹುಟ್ಟುವ ಎಷ್ಟೋ ಮೊದಲೇ ಬಿಡಿಸಿಟ್ಟವರು ಕಿನ್ನಿಕಂಬಳ ಪದ್ಮನಾಭ ರಾವ್. ಎಲ್ಲರ ಬಾಯಲ್ಲಿ ಕೆ.ಪಿ. ರಾವ್.

ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಹುಟ್ಟಿದ್ದು 1940ರ ಫೆಬ್ರವರಿ 29ರಂದು. ಹುಟ್ಟುಹಬ್ಬ ಬರುವುದೇ ನಾಲ್ಕು ವರ್ಷಕ್ಕೊಮ್ಮೆ! ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು, ಆಮೇಲೆ ಮುದ್ರಣದ ಕಡೆ ಹೊರಳಿದರು, ಮಣಿಪಾಲದಲ್ಲಿ ಪಾಠ ಹೇಳಿದರು. ಆದರೆ ಕನ್ನಡಿಗರು ದಿನವೂ ಅವರನ್ನು ನೆನೆಯಬೇಕಾದದ್ದು ಕೀಲಿಮಣೆಗಾಗಿ.

ಹಳೆಯ ಟೈಪ್‌ರೈಟರಿನಲ್ಲಿ ಕನ್ನಡ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು: ತಲೆಕಟ್ಟು, ಗುಡಿಸು, ಕೊಂಬು, ಒತ್ತು. ಯಾವ ತುಂಡು ಎಲ್ಲಿದೆ ಎಂದು ಕಲಿಯುವುದೇ ಒಂದು ವಿದ್ಯೆ. ಅಕ್ಷರದ ಆಕಾರವನ್ನು ಕಂಪ್ಯೂಟರ್ ನೋಡಿಕೊಳ್ಳಲಿ, ಬರೆಯುವವರು ಉಚ್ಚಾರಣೆಯ ಕ್ರಮದಲ್ಲಿ ಕೀಲಿ ಒತ್ತಿದರೆ ಸಾಕು ಎಂಬುದು ರಾಯರ ದಾರಿ. ಯಂತ್ರಕ್ಕೆ ಮನುಷ್ಯ ಹೊಂದಿಕೊಳ್ಳುವ ಬದಲು ಯಂತ್ರವನ್ನೇ ಮನುಷ್ಯನಿಗೆ ಹೊಂದಿಸಿದರು. ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಇಲ್ಲೇ.

ನೀವೇ ಒಮ್ಮೆ ಒತ್ತಿ ನೋಡಿ. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. 'ಜಿ'ಯಲ್ಲಿ ಗ, ಶಿಫ್ಟ್ ಜೊತೆ ಘ. ಶಾಲೆಯಲ್ಲಿ ಕಲಿತ ಅಲ್ಪಪ್ರಾಣ, ಮಹಾಪ್ರಾಣ ಒಂದೇ ಕೀಲಿಯಲ್ಲಿ ಕೂತಿವೆ. 'ಟಿ' ಮತ್ತು 'ಡಿ' ಕೀಲಿಗಳು ತ, ದ ಅಕ್ಷರಗಳಿಗೆ ಹೋದವು. ಹಾಗಾದರೆ ಟ, ಡ ಎಲ್ಲಿ? ಕನ್ನಡಕ್ಕೆ ಅಷ್ಟಾಗಿ ಬೇಡದ 'ಕ್ಯೂ', 'ಡಬ್ಲ್ಯು' ಅಕ್ಕಪಕ್ಕ ಖಾಲಿ ಇದ್ದವಲ್ಲ, ಅಲ್ಲಿ! ಸ್ವರದ ಕೀಲಿ 'ಐ' ಪದದ ಮೊದಲಲ್ಲಿ ಇ ಆಗುತ್ತದೆ, ವ್ಯಂಜನದ ಮುಂದೆ ಅದೇ ಗುಡಿಸು. ಒತ್ತಕ್ಷರ ಬೇಕಿದ್ದರೆ ನಡುವೆ 'ಎಫ್'. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು: ಐದೇ ಒತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏಳು ಬೇಕು.

ಈ ವಿನ್ಯಾಸದ ಮೇಲೆ ರಾಯರು ಹಕ್ಕು ಸಾಧಿಸಲಿಲ್ಲ. ತಾವು ಮಾಡಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ಕರ್ನಾಟಕ ಸರ್ಕಾರ ಅವರ ವಿನ್ಯಾಸವನ್ನು ಚೂರುಪಾರು ಬದಲಾವಣೆಯೊಂದಿಗೆ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ (ಕಗಪ) 'ನುಡಿ' ತಂತ್ರಾಂಶದಲ್ಲಿ ಇರುವುದು ಅದೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ಅವರಿಗೆ ನಾಡೋಜ ಗೌರವ ಕೊಟ್ಟಿತು.

ನಿಮ್ಮ ಮನೆಯ ಕಂಪ್ಯೂಟರಿನಲ್ಲಿ 'ನುಡಿ' ಹಾಕಿಕೊಳ್ಳಿ. ಲಿನಕ್ಸ್ ಇದ್ದರೆ ಇನ್ನೂ ಸುಲಭ, ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಎಂದು ಹುಡುಕಿ. ನಮ್ಮ ಕೂಟದ ಪತ್ರಿಕೆಯ ಮುಂದಿನ ಸಂಚಿಕೆಗೆ ಕಥೆಯೋ ಪ್ರವಾಸದ ವಿವರವೋ, ನಿಮ್ಮ ಬರಹ ಬರಲಿ. ಅಪ್ಪ ಅಮ್ಮನ ಕೈಲಿ ಟೈಪ್ ಮಾಡಿಸಬೇಡಿ. ತಪ್ಪಿದ್ದರೂ ಪರವಾಗಿಲ್ಲ, ನೀವೇ ಒತ್ತಿ ಕಳಿಸಿ.