ಕರಿಯ ಕಾರಿನ ಹೆನ್ರಿ ಫೋರ್ಡ್

ಶಾಲೆಯಲ್ಲಿ ಮಕ್ಕಳಿಗೆ ಒಂದು ಕಾರಿನ ಚಿತ್ರ ಬರೆಯಿರಿ ಎಂದರೆ ಅವರ ಕೈ ಮೊದಲು ಹೋಗುವುದು ಕೆಂಪು, ನೀಲಿ, ಹಳದಿ ಬಣ್ಣಗಳ ಕಡೆಗೆ. ಬಿಳಿ ಕಾರು ಬರೆದ ಮಗುವನ್ನು ನಾವು ಇದುವರೆಗೆ ಕಂಡಿಲ್ಲ. ಆದರೆ ಶಾಲೆ ಬಿಟ್ಟು ಹೆದ್ದಾರಿಯ ಬದಿಯಲ್ಲಿ ಬಸ್ಸಿಗಾಗಿ ಕಾದು ನಿಂತಾಗ ಕಣ್ಣ ಮುಂದೆ ಸಾಗುವ ಚಿತ್ರವೇ ಬೇರೆ. ಬಿಳಿ, ಕಪ್ಪು, ಬೂದು, ಬೆಳ್ಳಿ, ಮತ್ತೆ ಬಿಳಿ. ಹಿಂಬದಿಯ ಹೆಸರನ್ನು ಓದದೆ ಅದು ಯಾವ ಕಂಪೆನಿಯದೆಂದು ಹೇಳುವುದೂ ಕಷ್ಟ. ಇದು ನಮ್ಮ ಊರಿನ ಮಾತು ಮಾತ್ರವಲ್ಲ. ಇಂದು ಜಗತ್ತಿನಲ್ಲಿ ತಯಾರಾಗುವ ಕಾರುಗಳಲ್ಲಿ ಬಹುಪಾಲು ಈ ನಾಲ್ಕು ಬಣ್ಣಗಳವೇ.

ಕಾರುಗಳೆಲ್ಲ ಒಂದೇ ತೆರನಾದದ್ದು ಇದೇ ಮೊದಲಲ್ಲ. ನೂರು ವರ್ಷಗಳ ಹಿಂದೆಯೂ ಹೀಗಾಗಿತ್ತು. ಆಗ ಅದರ ಹಿಂದೆ ಒಬ್ಬ ಮನುಷ್ಯನ ಬುದ್ಧಿಯೂ ಇತ್ತು, ಹಠವೂ ಇತ್ತು. ಆತನೇ ಹೆನ್ರಿ ಫೋರ್ಡ್.

ಅಮೇರಿಕದ ಮಿಶಿಗನ್ ರಾಜ್ಯದಲ್ಲಿ, ಇಂದಿನ ಡಿಯರ್‌ಬಾರ್ನ್ ಪಟ್ಟಣದ ಬಳಿಯ ಒಂದು ರೈತ ಕುಟುಂಬದಲ್ಲಿ 1863ರ ಜುಲೈ 30ರಂದು ಹೆನ್ರಿ ಜನಿಸಿದನು. ತಂದೆ ವಿಲಿಯಂ ಐರ್ಲೆಂಡಿನಿಂದ ಬಂದು ನೆಲೆಸಿದವನು. ಹುಡುಗನಿಗೆ ಹೊಲಗೆಲಸ ಹಿಡಿಸಲಿಲ್ಲ. ಕೈಗೆ ಸಿಕ್ಕಿದ ಗಡಿಯಾರವನ್ನು ಬಿಚ್ಚಿ ಮತ್ತೆ ಜೋಡಿಸುವುದೇ ಆತನ ಆಟ. 1876ರಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷ ಹಬೆಯಿಂದ ತಾನಾಗಿ ರಸ್ತೆಯ ಮೇಲೆ ಚಲಿಸುವ ಒಂದು ಯಂತ್ರವನ್ನು ಕಂಡ ಬಾಲಕ ಅದನ್ನು ಜೀವಮಾನವಿಡೀ ಮರೆಯಲಿಲ್ಲ. 1879ರಲ್ಲಿ ಮನೆ ಬಿಟ್ಟು ಡೆಟ್ರಾಯಿಟ್ ನಗರ ಸೇರಿ ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸ ಕಲಿತನು. 1888ರಲ್ಲಿ ಕ್ಲಾರಾ ಬ್ರಯಾಂಟ್ ಎಂಬಾಕೆಯನ್ನು ಮದುವೆಯಾದನು. 1891ರಲ್ಲಿ ಎಡಿಸನ್ ವಿದ್ಯುತ್ ಕಂಪೆನಿ ಸೇರಿ ಎರಡೇ ವರ್ಷದಲ್ಲಿ ಮುಖ್ಯ ಇಂಜಿನಿಯರನಾದನು.

ಹಗಲು ಕಂಪೆನಿಯ ಕೆಲಸ, ಬಿಡುವಿನ ವೇಳೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತನ್ನ ಗಾಡಿಯ ಕೆಲಸ. 1896ರ ಜೂನ್ ತಿಂಗಳ ಒಂದು ರಾತ್ರಿ ನಾಲ್ಕು ಸೈಕಲ್ ಚಕ್ರಗಳ ಮೇಲೆ ನಿಂತ ಆ ಗಾಡಿ ಸಿದ್ಧವಾಯಿತು. ಆದರೆ ಅದು ಕೊಟ್ಟಿಗೆಯ ಬಾಗಿಲಿಗಿಂತ ಅಗಲವಾಗಿತ್ತು! ಫೋರ್ಡ್ ಕೊಡಲಿಯಿಂದ ಇಟ್ಟಿಗೆಯ ಗೋಡೆಯನ್ನು ಒಡೆದು ಗಾಡಿಯನ್ನು ಹೊರಗೆ ತಂದನು. ಆತನ ಸ್ವಭಾವ ಎಂಥದೆಂಬುದನ್ನು ಈ ಒಂದು ಸಂಗತಿಯೇ ತಿಳಿಸುತ್ತದೆ.

ಮೊದಲ ಎರಡು ಕಂಪೆನಿಗಳು ಕೈಗೂಡಲಿಲ್ಲ. 1903ರಲ್ಲಿ ಫೋರ್ಡ್ ಮೋಟಾರು ಕಂಪೆನಿ ಸ್ಥಾಪನೆಯಾಯಿತು. ಆ ಕಾಲದಲ್ಲಿ ಕಾರೆಂದರೆ ಧನಿಕರ ಆಟಿಕೆ. ಸಾಮಾನ್ಯ ರೈತನೂ ಕೊಳ್ಳಬಲ್ಲ, ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬಲ್ಲ, ಕೆಸರಿನ ದಾರಿಯಲ್ಲೂ ಓಡಬಲ್ಲ ಒಂದು ಗಾಡಿ ಬೇಕೆಂಬುದು ಫೋರ್ಡನ ಆಸೆ. 1908ರ ಅಕ್ಟೋಬರದಲ್ಲಿ ಬಂದ ಟಿ ಮಾದರಿಯ ಕಾರು ಆ ಆಸೆಯ ಫಲ. ಅದರ ಬೆಲೆ ಆಗ ಸುಮಾರು 850 ಡಾಲರು. ಓದುಗರು ಗಮನಿಸಬೇಕಾದುದೆಂದರೆ, ಆರಂಭದ ವರ್ಷಗಳಲ್ಲಿ ಈ ಕಾರು ಕೆಂಪು, ಹಸಿರು, ಬೂದು, ನೀಲಿ ಬಣ್ಣಗಳಲ್ಲಿ ಬರುತ್ತಿತ್ತು.

1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ದೊಡ್ಡ ಬದಲಾವಣೆಯಾಯಿತು. ಕಾರ್ಮಿಕರು ಕಾರಿನ ಬಳಿಗೆ ಹೋಗುವ ಬದಲು ಕಾರೇ ಕಾರ್ಮಿಕರ ಮುಂದೆ ಸಾಗತೊಡಗಿತು. ಒಬ್ಬ ತಿರುಪು ಇಟ್ಟರೆ ಮುಂದಿನವನು ಅದನ್ನು ಬಿಗಿ ಮಾಡುವನು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆಯ ಕೆಲಸ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ಬಣ್ಣ? ಆಗಿನ ಬಣ್ಣಗಳನ್ನು ಪದರ ಪದರವಾಗಿ ಬಳಿದು ಒಣಗಿಸಬೇಕಿತ್ತು. ಒಳ್ಳೆಯ ಕಾರೊಂದಕ್ಕೆ ಬಣ್ಣ ಹಾಕಿ ಮುಗಿಸಲು ವಾರಗಳೇ ಹಿಡಿಯುತ್ತಿದ್ದವು. ಡಾಮರಿನ ಜಾತಿಯ ಕರಿಯ ಬಣ್ಣವಾದರೋ ಅಗ್ಗ, ಗಟ್ಟಿ, ಒಲೆಯ ಶಾಖದಲ್ಲಿ ಕಾಯಿಸಿ ಒಣಗಿಸಲು ಅನುಕೂಲ. ಹೀಗೆ 1914ರಿಂದ 1925ರವರೆಗೆ ಟಿ ಮಾದರಿಯ ಕಾರುಗಳೆಲ್ಲ ಕಪ್ಪಾದವು. ಈ ಬಗ್ಗೆ ಆತ ಆಡಿದನೆನ್ನುವ ವಿನೋದದ ಮಾತು ಲೋಕಪ್ರಸಿದ್ಧ. ಅದನ್ನು ಮತ್ತೆ ಹೇಳಬೇಕಾಗಿಲ್ಲ. ಬಣ್ಣ ಹೋಯಿತು, ಬೆಲೆಯೂ ಇಳಿಯಿತು. 1925ರ ಹೊತ್ತಿಗೆ ಅತ್ಯಂತ ಅಗ್ಗದ ಟಿ ಕಾರು 260 ಡಾಲರಿಗೆ ಸಿಗುತ್ತಿತ್ತು. ಬಡವನ ಅಂಗಳಕ್ಕೆ ಕಾರು ಬಂದುದು ಕಪ್ಪು ಬಣ್ಣದಿಂದಲೇ ಎಂಬುದನ್ನು ನಾವು ಮರೆಯಬಾರದು.

ಅದೇ 1914ರಲ್ಲಿ ಫೋರ್ಡ್ ಇನ್ನೆರಡು ಕೆಲಸಗಳನ್ನು ಮಾಡಿದನು. ಒಂದು, ದಿನದ ಸಂಪಾದನೆಯನ್ನು ಐದು ಡಾಲರಿಗೆ ಏರಿಸಿ ದುಡಿಮೆಯ ಅವಧಿಯನ್ನು ಎಂಟು ಗಂಟೆಗೆ ಇಳಿಸಿದ್ದು. ಲೋಕವೇ ಬೆರಗಾಯಿತು. ಆದರೆ ಆ ಪೂರ್ತಿ ಹಣ ಸಿಗಬೇಕಾದರೆ ಕಾರ್ಮಿಕನ ಮನೆ, ಊಟ, ಉಳಿತಾಯ ಎಲ್ಲವೂ ಕಂಪೆನಿಯವರು ಮೆಚ್ಚುವಂತಿರಬೇಕಿತ್ತು. ಅದನ್ನು ನೋಡಿ ಬರಲು ಮನೆಮನೆಗೆ ತನಿಖೆಯವರು ಹೋಗುತ್ತಿದ್ದರು. ಇನ್ನೊಂದು, ಕಾರ್ಮಿಕರಿಗಾಗಿ ತೆರೆದ ಇಂಗ್ಲಿಷ್ ಶಾಲೆ. ಆತನ ಕೆಲಸಗಾರರಲ್ಲಿ ಬಹುಪಾಲು ಜನ ಯುರೋಪಿನ ಹತ್ತಾರು ದೇಶಗಳಿಂದ ಬಂದವರು, ಹತ್ತಾರು ಭಾಷೆಗಳವರು. ಆ ಶಾಲೆಯ ಸಮಾರಂಭದಲ್ಲಿ ವೇದಿಕೆಯ ಮೇಲೆ ಒಂದು ಭಾರಿ ಹಂಡೆಯನ್ನು ಇಡುತ್ತಿದ್ದರು. ಕಲಿತವರು ತಂತಮ್ಮ ನಾಡಿನ ಉಡುಪಿನಲ್ಲಿ ಬಂದು ಹಂಡೆಯೊಳಗೆ ಇಳಿಯುವರು. ಉಪಾಧ್ಯಾಯರು ಉದ್ದನೆಯ ಸೌಟುಗಳಿಂದ ಕಲಕುವಂತೆ ನಟಿಸುವರು. ಸ್ವಲ್ಪ ಹೊತ್ತಿನಲ್ಲಿ ಅವರೆಲ್ಲ ಅಮೇರಿಕನ್ ಉಡುಪು ತೊಟ್ಟು, ಕೈಯಲ್ಲಿ ಅಮೇರಿಕದ ಧ್ವಜ ಹಿಡಿದು ಹೊರಬರುವರು.

ಉಪಾಧ್ಯಾಯ ವೃತ್ತಿಯಲ್ಲಿರುವ ನಮಗೆ ಈ ಸಂಗತಿಯನ್ನು ಓದಿದಾಗ ಮನಸ್ಸಿಗೆ ಏನೋ ಕಸಿವಿಸಿಯಾಯಿತು. ನೆಲೆಸಿದ ನಾಡಿನ ಭಾಷೆಯನ್ನು ಕಲಿಯುವುದು ಒಳ್ಳೆಯದೇ. ನಮ್ಮ ಮಕ್ಕಳೂ ಮಲಯಾಳ ಕಲಿಯುತ್ತಾರೆ, ಅದರಿಂದ ಅವರಿಗೆ ಲಾಭವೇ ಹೊರತು ನಷ್ಟವಿಲ್ಲ. ಆದರೆ ಹೊಸತನ್ನು ಕಲಿಯಲು ಹಳೆಯದನ್ನು ಹಂಡೆಯಲ್ಲಿ ಬಿಟ್ಟು ಬರಬೇಕೆಂಬುದು ಯಾವ ನ್ಯಾಯ? ಕಾರುಗಳಿಗೆ ಒಂದೇ ಬಣ್ಣ ಬಳಿದ ವರ್ಷವೇ ಮನುಷ್ಯರಿಗೂ ಒಂದೇ ಬಣ್ಣ ಬಳಿಯಲು ಹೊರಟುದು ಆಕಸ್ಮಿಕವಿರಲಾರದು ಎಂದು ನಮಗೆ ತೋರುತ್ತದೆ. ಮುಂದೆ 1920ರ ದಶಕದಲ್ಲಿ ಆತನ ಪತ್ರಿಕೆ ಯೆಹೂದ್ಯರ ಮೇಲೆ ದ್ವೇಷ ಕಾರಿತು. 1927ರಲ್ಲಿ ಆತ ಕ್ಷಮೆ ಕೇಳಬೇಕಾಯಿತು. ಆ ಕಲೆ ಮಾತ್ರ ಅಳಿಯಲಿಲ್ಲ.

ಫೋರ್ಡನ ಹಠಕ್ಕೆ ಪೆಟ್ಟು ಬಿದ್ದುದು ಬಣ್ಣದಿಂದಲೇ. ಬೇಗ ಒಣಗುವ ಬಣ್ಣದ ಲೇಪವೊಂದನ್ನು ಡ್ಯುಪಾಂಟ್ ಕಂಪೆನಿ ಕಂಡುಹಿಡಿಯಿತು. 1923ರಲ್ಲಿ ಪ್ರತಿಸ್ಪರ್ಧಿ ಜನರಲ್ ಮೋಟಾರ್ಸ್ ಅದನ್ನು ಬಳಸಿ ನೀಲಿಯ ಕಾರನ್ನು ಮಾರುಕಟ್ಟೆಗೆ ತಂದಿತು. ಆ ಕಂಪೆನಿಯ ಅಧ್ಯಕ್ಷ ಆಲ್‌ಫ್ರೆಡ್ ಸ್ಲೋನ್ ಒಬ್ಬೊಬ್ಬರ ಜೇಬಿಗೂ ಅಭಿರುಚಿಗೂ ತಕ್ಕಂತೆ ಬೇರೆ ಬೇರೆ ಕಾರುಗಳನ್ನು ಮಾಡಿಸಿದನು. 1927ರಲ್ಲಿ ಹಾರ್ಲಿ ಅರ್ಲ್ ಎಂಬವನ ಕೈಗೆ ಕಲೆ ಮತ್ತು ಬಣ್ಣಗಳಿಗಾಗಿಯೇ ಒಂದು ವಿಭಾಗವನ್ನು ಕೊಟ್ಟನು. ಫೋರ್ಡನ ಮಗ ಎಡ್ಸೆಲ್ ಸೌಂದರ್ಯ ಬಲ್ಲವನು. ಹೆಸರಿಗೆ 1919ರಿಂದ ಆತನೇ ಕಂಪೆನಿಯ ಅಧ್ಯಕ್ಷ. ಕಾಲ ಬದಲಾಗಿದೆಯೆಂದು ಮಗ ಹೇಳಿದ, ತಂದೆ ಕೇಳಲಿಲ್ಲ. ಕೊನೆಗೆ ಟಿ ಕಾರಿಗೆ ಬಣ್ಣಗಳು ಮರಳಿ ಬಂದಾಗ ತಡವಾಗಿತ್ತು. ಒಂದೂವರೆ ಕೋಟಿ ಕಾರುಗಳನ್ನು ಮಾಡಿ 1927ರಲ್ಲಿ ಆ ಮಾದರಿ ನಿಂತಿತು. ಕಾರ್ಖಾನೆ ತಿಂಗಳುಗಟ್ಟಲೆ ಮುಚ್ಚಿತು, ಸಾವಿರಾರು ಜನ ಕೆಲಸವಿಲ್ಲದೆ ಕುಳಿತರು. ಆ ಡಿಸೆಂಬರದಲ್ಲಿ ಹಲವು ಬಣ್ಣಗಳಲ್ಲಿ ಬಂದ ಎ ಮಾದರಿಯ ಚೆಲುವಿನಲ್ಲಿ ಎಡ್ಸೆಲನ ಕೈವಾಡ ದೊಡ್ಡದು. 1943ರಲ್ಲಿ, ತನ್ನ 49ನೆಯ ವಯಸ್ಸಿನಲ್ಲಿ, ಎಡ್ಸೆಲ್ ತಂದೆಗಿಂತ ಮೊದಲೇ ತೀರಿಕೊಂಡನು.

ವಿಚಿತ್ರವೆಂದರೆ, ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರೆದ ಈ ಮನುಷ್ಯ ಮುಪ್ಪಿನಲ್ಲಿ ಹಳೆಯ ವಸ್ತುಗಳ ಬೆನ್ನು ಹತ್ತಿದನು. ಡಿಯರ್‌ಬಾರ್ನಿನಲ್ಲಿ ಗ್ರೀನ್‌ಫೀಲ್ಡ್ ಎಂಬ ಹಳ್ಳಿಯನ್ನೇ ಕಟ್ಟಿಸಿ, ಬೇರೆ ಬೇರೆ ಊರುಗಳ ಹಳೆಯ ಮನೆ, ಶಾಲೆ, ಅಂಗಡಿಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದನು. ಯಾವುದೂ ಇನ್ನೊಂದರಂತಿರಲಿಲ್ಲ. 1947ರ ಏಪ್ರಿಲ್ 7ರ ರಾತ್ರಿ ಆತ ಕಣ್ಣು ಮುಚ್ಚಿದನು. ನೆರೆಯಿಂದ ಮನೆಯ ವಿದ್ಯುತ್ತು ನಿಂತಿತ್ತು. ಮೋಂಬತ್ತಿ, ಚಿಮಿಣಿಗಳ ಬೆಳಕಿನಲ್ಲಿ, ಹುಟ್ಟಿದ ಕಾಲದಂತೆಯೇ ಆತ ಹೋದನು.

ಫೋರ್ಡನ ಕಾಲದಲ್ಲಿ ಕಪ್ಪಿಗೆ ಒಂದು ಕಾರಣವಿತ್ತು. ಇಂದಿನ ಕಾರುಗಳು ಒಂದೇ ಆಕಾರ ತಾಳಲೂ ಕಾರಣಗಳಿವೆ. ಗಾಳಿಯನ್ನು ಸೀಳಿ ಹೋದರೆ ಇಂಧನ ಉಳಿಯುತ್ತದೆ, ಸುರಕ್ಷೆಯ ನಿಯಮಗಳು ಎಲ್ಲರಿಗೂ ಒಂದೇ, ಒಂದೇ ಅಡಿಪಾಯದ ಮೇಲೆ ಹಲವು ಕಾರುಗಳನ್ನು ಕಟ್ಟಿದರೆ ಖರ್ಚು ಕಡಿಮೆ. ಬಿಳಿಯ ಕಾರು ಬಿಸಿಲಿಗೆ ಕಡಿಮೆ ಕಾಯುತ್ತದೆ ಎಂಬುದೂ ನಿಜ. ಆದರೆ ಬಣ್ಣದ ಮಟ್ಟಿಗೆ ನಮ್ಮನ್ನು ಇಂದು ಯಾರೂ ಕಟ್ಟಿಹಾಕಿಲ್ಲ. ಕೆಂಪೂ ಇದೆ, ಹಸಿರೂ ಇದೆ. ನಾಳೆ ಮಾರುವಾಗ ಬೆಲೆ ಬಾರದಿದ್ದರೆ, ನಾಲ್ಕು ಜನರ ನಡುವೆ ಎದ್ದು ಕಂಡರೆ ಎಂಬ ಅಂಜಿಕೆಯಿಂದ ನಾವೇ ಬಿಳಿಯನ್ನು ಆರಿಸುತ್ತೇವೆ. ಅಂದು ಹಂಡೆಯನ್ನು ಇಟ್ಟವನು ಫೋರ್ಡ್. ಇಂದು ನಾವಾಗಿಯೇ ಇಳಿಯುತ್ತಿದ್ದೇವೆ.

ಮಗು ಬರೆದ ಕೆಂಪು ಕಾರನ್ನು ನೋಡಿ ನಕ್ಕು ಬಿಡುವ ಮೊದಲು ಈ ಮಾತನ್ನು ಒಮ್ಮೆ ಯೋಚಿಸುವುದು ಒಳ್ಳೆಯದು.